ಅಟಾರಿ 2600: ಒಂದೊಂದು ಆಟಕ್ಕೆ ನಾಲ್ಕು ಮಾತು, ಆದರೆ ಇವತ್ತು ಆಡಿ ಹೇಳಿ

ಹಳೇಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ಅಟಾರಿ 2600 ಆಟಗಳ ಬಗ್ಗೆ ಕನ್ನಡದಲ್ಲಿ ಒಂದು ಕಡೆ ಕೂತು ಮಾತಾಡೋಣ ಅಂತ ತುಂಬಾ ದಿನದಿಂದ ಆಸೆ ಇತ್ತು. ನಿಯಮ ಒಂದೇ. ಚಿಕ್ಕಂದಿನ ನೆನಪಿನಿಂದ ಬರೆಯಬೇಡಿ. ಈ ವಾರ ಅರ್ಧ ಗಂಟೆ ಆಡಿ, ಆಮೇಲೆ ಬರೆಯಿರಿ. ಯಂತ್ರ ಇದ್ದವರು ಯಂತ್ರದಲ್ಲಿ ಆಡಿ. ಇಲ್ಲದವರು ಕಂಪ್ಯೂಟರಿಗೆ ಸ್ಟೆಲ್ಲಾ ಅನ್ನೋ ಎಮ್ಯುಲೇಟರ್, ಅಂದರೆ ಈ ಯಂತ್ರದ ಹಾಗೆ ನಡೆದುಕೊಳ್ಳುವ ಪ್ರೋಗ್ರಾಮ್, ಹಾಕಿಕೊಂಡು ಆಡಿ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಇದು 1977ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅಟಾರಿ ಕಂಪನಿ ಬಿಡುಗಡೆ ಮಾಡಿದ, ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಯಂತ್ರ. ಆಗ ಅದರ ಹೆಸರು ವಿಡಿಯೋ ಕಂಪ್ಯೂಟರ್ ಸಿಸ್ಟಮ್. 2600 ಅಂತ ಕರೆಯಲು ಶುರು ಮಾಡಿದ್ದು 1982ರಲ್ಲಿ. ಮುಂದೆ ಮರದ ಪಟ್ಟಿ, ಒಂದೇ ಬಟನ್ನಿನ ಜಾಯ್‌ಸ್ಟಿಕ್, ಒಳಗೆ 128 ಬೈಟ್ ಮೆಮೊರಿ. ಕಿಲೋಬೈಟ್ ಅಲ್ಲ, ಬೈಟ್. ಇವತ್ತು ನಾವು ಯುಟಿಎಫ್-8ರಲ್ಲಿ ಕನ್ನಡ ಟೈಪ್ ಮಾಡುತ್ತೇವಲ್ಲ, ಅದರಲ್ಲಿ 'ಕ' ಅನ್ನೋ ಒಂದು ಅಕ್ಷರಕ್ಕೇ ಮೂರು ಬೈಟ್ ಬೇಕು. 'ಸ್ಟೆ' ಬರೆದರೆ ಹನ್ನೆರಡು. ಆ ಯಂತ್ರದ ಇಡೀ ಮೆಮೊರಿಯಲ್ಲಿ ಈ ಪ್ಯಾರಾದ ಎರಡನೇ ವಾಕ್ಯ ಕೂಡ ಹಿಡಿಸುವುದಿಲ್ಲ. ಅದರಲ್ಲಿ ಆಟ ಬರೆದವರು ಕಾಡು, ನದಿ, ಕೋಟೆ ಎಲ್ಲ ಮಾಡಿದರು.

ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರಕ್ಕೆ ಅಂತಲೇ ಹುಟ್ಟಿದ ಆಟಗಳು ಇವತ್ತಿಗೂ ಗಟ್ಟಿಯಾಗಿವೆ. ಆರ್ಕೇಡ್‌ನಿಂದ, ಅಂದರೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ದೊಡ್ಡ ಯಂತ್ರಗಳಿಂದ, ಎಳೆದು ತಂದ ಆಟಗಳಲ್ಲಿ ಹೆಚ್ಚಿನವು ಸೊರಗಿವೆ.

ರಿವರ್ ರೇಡ್ (1982). ಕ್ಯಾರಲ್ ಶಾ ಬರೆದದ್ದು, ಆಕ್ಟಿವಿಷನ್ ಕಂಪನಿ ತಂದದ್ದು. ನನಗೆ ಇದೇ ಮೊದಲನೆಯದು. ನದಿಯ ಮೇಲೆ ವಿಮಾನ ಹಾರಿಸಬೇಕು, ಹಡಗು, ಹೆಲಿಕಾಪ್ಟರ್, ಸೇತುವೆ ಹೊಡೆಯಬೇಕು. ಅಷ್ಟೇ ಇದ್ದಿದ್ದರೆ ಮರೆತುಹೋಗುತ್ತಿತ್ತು. ಇದರ ಜೀವ ಇರುವುದು ಇಂಧನದಲ್ಲಿ. ಡಿಪೋ ಮೇಲೆ ಹಾರಿದರೆ ಟ್ಯಾಂಕ್ ತುಂಬುತ್ತದೆ. ಅದೇ ಡಿಪೋಗೆ ಗುಂಡು ಹೊಡೆದರೆ 80 ಅಂಕ. ನಿಧಾನ ಹಾರಿದರೆ ಜಾಸ್ತಿ ತುಂಬುತ್ತದೆ, ಆದರೆ ಮುಂದೆ ಹೋಗುವ ಹೊತ್ತು ಕಳೆಯುತ್ತದೆ. ಪ್ರತಿ ಐದು ಸೆಕೆಂಡಿಗೂ ನೀವೇ ತೀರ್ಮಾನ ಮಾಡಬೇಕು. ನಿನ್ನೆ ರಾತ್ರಿ ಆಡಲು ಕೂತವನು ಗಡಿಯಾರ ನೋಡಿದಾಗ ಒಂದೂವರೆ ಗಂಟೆ ಆಗಿತ್ತು.

ಪಿಟ್‌ಫಾಲ್ (1982). ಡೇವಿಡ್ ಕ್ರೇನ್ ಕೆಲಸ. 255 ಪರದೆ, 32 ನಿಧಿ, 20 ನಿಮಿಷ, ಮೂರು ಜೀವ. ಬಳ್ಳಿ ಹಿಡಿದು ತೂಗುವುದು, ಮೊಸಳೆಯ ತಲೆ ಮೇಲೆ ಹಾರುವುದು. ಇವತ್ತು ಆಡಿದರೂ ಕೈಗೆ ಹಿತ. ಮುಗಿಸಲು ನನ್ನಿಂದ ಆಗಿಲ್ಲ. 32 ನಿಧಿ ಯಾರಿಗಾದರೂ ಸಿಕ್ಕಿದೆಯಾ?

ಪ್ಯಾಕ್‌ಮ್ಯಾನ್ (1982). ಭೂತಗಳು ಮಿಣಮಿಣ ಅನ್ನುತ್ತವೆ. ಚುಕ್ಕಿಯ ಬದಲು ಗೆರೆ. ಶಬ್ದ ಕಿವಿಗೆ ಕಷ್ಟ. ಹತ್ತು ನಿಮಿಷಕ್ಕೆ ಸಾಕಾಯಿತು. ಲಕ್ಷಾಂತರ ಮನೆಗಳಿಗೆ ಹೋದ ಆಟ ಇದು, ಅದಕ್ಕೇ ಬೇಜಾರು.

ಇನ್ನು ನೀವು ಹೇಳಿ.

ತಿರುಗುಗುಂಡಿ

ಜಾಯ್‌ಸ್ಟಿಕ್ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಪ್ಯಾಡಲ್ ಪರವಾಗಿ ಬಂದಿದ್ದೇನೆ. ದುಂಡನೆಯ ತಿರುಗುವ ಗುಂಡಿ, ಪಕ್ಕದಲ್ಲಿ ಒಂದು ಬಟನ್. ಹಳೇ ರೇಡಿಯೋದ ವಾಲ್ಯೂಮ್ ಗುಂಡಿಯ ಹಾಗೆ. ಅದರಿಂದ ಆಡಿದ ಆಟಕ್ಕೆ ಇರುವ ನವಿರು ಬೇರೆ ಯಾವುದಕ್ಕೂ ಇಲ್ಲ.

ಕಬೂಮ್ (1981). ಲ್ಯಾರಿ ಕ್ಯಾಪ್ಲನ್ ಮಾಡಿದ್ದು. ಮೇಲೆ ಒಬ್ಬ ಕಳ್ಳ ಬಾಂಬ್ ಹಾಕುತ್ತಾ ಓಡುತ್ತಾನೆ, ಕೆಳಗೆ ನೀವು ನೀರಿನ ಬಕೆಟ್‌ನಲ್ಲಿ ಹಿಡಿಯುತ್ತೀರಿ. ಅಷ್ಟೇ. ಯಂತ್ರಕ್ಕೆ ಸಿಕ್ಕಿಸುವ ಕ್ಯಾಸೆಟ್‌ನಲ್ಲಿ ಬರೀ 2 ಕಿಲೋಬೈಟ್ ಹಿಡಿಯುವ ಆಟ. ವೇಗ ಏರುತ್ತಾ ಹೋದ ಹಾಗೆ ನೋಡುವುದು ನಿಂತು ಕೈ ತಾನೇ ಓಡಲು ಶುರುವಾಗುತ್ತದೆ. ಅಮ್ಮ ರೊಟ್ಟಿ ತಟ್ಟುವಾಗ ಕೈ ನೋಡದೆ ಟಿವಿ ನೋಡುತ್ತಾರಲ್ಲ, ಹಾಗೆ. ನನಗೆ ರಿವರ್ ರೇಡ್‌ಗಿಂತ ಇದೇ ಮೇಲು.

ವಾರ್‌ಲಾರ್ಡ್ಸ್ (1981). ಕಾರ್ಲಾ ಮೆನಿನ್‌ಸ್ಕಿ. ನಾಲ್ಕು ಮೂಲೆಯಲ್ಲಿ ನಾಲ್ಕು ಕೋಟೆ, ನಾಲ್ಕು ಜನ, ಒಂದು ಬೆಂಕಿ ಚೆಂಡು. ಬಟನ್ ಒತ್ತಿ ಹಿಡಿದರೆ ಚೆಂಡು ನಿಮ್ಮ ಕೈಯಲ್ಲಿ ನಿಲ್ಲುತ್ತದೆ, ಆದರೆ ಹಿಡಿದಷ್ಟು ಹೊತ್ತು ನಿಮ್ಮದೇ ಗೋಡೆ ಸವೆಯುತ್ತದೆ. ಒಬ್ಬರೇ ಆಡಿದರೆ ಸಾಧಾರಣ ಆಟ. ನಾಲ್ಕು ಜನ ಸೇರಿದರೆ ಮನೆ ಗಲಾಟೆ. ಸರ್, ಇದು ನಿಮ್ಮ ಪಟ್ಟಿಯಲ್ಲಿ ಇಲ್ಲ ಅನ್ನೋದು ನನಗೆ ನಿಜವಾಗಿ ಆಶ್ಚರ್ಯ.

ಸರ್ಕಸ್ ಅಟಾರಿ (1980). ಬಿದ್ದ ಕೋಡಂಗಿ ಕೈಕಾಲು ಬಡಿಯುವುದನ್ನು ನೋಡಿದರೆ ಈಗಲೂ ನಗು ಬರುತ್ತದೆ. ಅರ್ಧ ಗಂಟೆಗೆ ಸಾಕು.

ಸ್ಕ್ಯಾನ್‌ಲೈನ್

ನನ್ನ ಕೆಲಸ ಪ್ರೋಗ್ರಾಮಿಂಗ್. ಎರಡು ವರ್ಷದಿಂದ ರಜೆಯಲ್ಲಿ ಈ ಯಂತ್ರಕ್ಕೆ ಸಣ್ಣ ಸಣ್ಣ ಕೋಡ್ ಬರೆದು ಕಲಿಯುತ್ತಿದ್ದೇನೆ. ಹಳೇಕ್ಯಾಸೆಟ್ ಅವರ ವಾದಕ್ಕೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ಯಾಕೆ ಅಂತ ಹೇಳಲು ಯಂತ್ರದ ಒಳಗೆ ಸ್ವಲ್ಪ ಹೋಗಬೇಕು.

ಇದರಲ್ಲಿ ಇಡೀ ಚಿತ್ರವನ್ನು ಇಟ್ಟುಕೊಳ್ಳಲು ಜಾಗವೇ ಇಲ್ಲ. ನೇಕಾರರು ಒಂದೊಂದೇ ಹೊಕ್ಕು ಹಾಕಿ ಸೀರೆ ನೇಯುತ್ತಾರಲ್ಲ, ಹಾಗೆ ಟಿವಿಯ ಪ್ರತಿ ಗೆರೆಯನ್ನೂ ಪ್ರೋಗ್ರಾಮ್ ಆ ಕ್ಷಣದಲ್ಲೇ ಹೇಳಿ ಬರೆಸಬೇಕು. ಒಂದು ಗೆರೆಗೆ ಪ್ರೊಸೆಸರ್‌ನ 76 ಸೈಕಲ್, ಅಂದರೆ 76 ಬಡಿತ, ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಹತ್ತಿಪ್ಪತ್ತು ಸಣ್ಣ ಸೂಚನೆ ನಡೆಸಬಹುದು. ತಡವಾದರೆ ಟಿವಿಯಲ್ಲಿ ಗೆರೆ ಬರೆಯುವ ಕಿರಣ ಮುಂದೆ ಹೋಗಿರುತ್ತದೆ, ಬಣ್ಣ ತಪ್ಪು ಜಾಗಕ್ಕೆ ಬೀಳುತ್ತದೆ. ಅಮೆರಿಕದ ಪದ್ಧತಿಯಲ್ಲಿ ಸೆಕೆಂಡಿಗೆ 60 ಸಲ, ಸಲಕ್ಕೆ 262 ಗೆರೆ. ಆಟದ ಲೆಕ್ಕ, ಅಂಕ, ಯಾರು ಸತ್ತರು ಯಾರು ಉಳಿದರು ಅನ್ನೋದೆಲ್ಲ ಹೆಚ್ಚಾಗಿ ಪರದೆಯ ಮೇಲೂ ಕೆಳಗೂ ಚಿತ್ರ ಇಲ್ಲದ ಗೆರೆಗಳ ಹೊತ್ತಿನಲ್ಲಿ ಮುಗಿಯಬೇಕು.

ಚಿತ್ರ ಬರೆಯುವ ಚಿಪ್‌ನ ಹೆಸರು ಟಿಐಎ. ಅದು ಕೊಡುವುದು ಇಷ್ಟೇ: ಎರಡು ಆಟಗಾರರ ಬೊಂಬೆ, ಎರಡು ಗುಂಡು, ಒಂದು ಚೆಂಡು, ಹಿಂದೆ ದಪ್ಪ ದಪ್ಪ ಚೌಕದ ಹಿನ್ನೆಲೆ. ಯಂತ್ರ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಚೆಂಡು ಬಡಿಯುವ ಪಾಂಗ್ ಮತ್ತು ಟ್ಯಾಂಕ್ ತರಹದ ಆಟ. ಹಾಗಾಗಿ ಯಂತ್ರಕ್ಕೆ ಹುಟ್ಟಿದ ಆಟ ಅಂದರೆ ನಿಜವಾಗಿ ಎರಡು ಟ್ಯಾಂಕ್ ಕಾದಾಡುವ ಕಾಂಬ್ಯಾಟ್‌ನಂಥವು ಮಾತ್ರ. ಉಳಿದದ್ದೆಲ್ಲ ಯಂತ್ರವನ್ನು ಒಪ್ಪಿಸಿ ಮಾಡಿಸಿದ್ದು.

ಈಗ ಸ್ಪೇಸ್ ಇನ್ವೇಡರ್ಸ್ (1980) ನೋಡಿ. ಆರ್ಕೇಡ್‌ನಿಂದ ಬಂದದ್ದು. ಆರ್ಕೇಡ್‌ನಲ್ಲಿ 55 ಶತ್ರುಗಳು, ಇಲ್ಲಿ 36. ಯಾಕೆ 36? ಒಂದು ಬೊಂಬೆಯನ್ನು ಅಕ್ಕಪಕ್ಕ ಮೂರು ಪ್ರತಿ ಮಾಡುವ ಸೌಲಭ್ಯ ಟಿಐಎಯಲ್ಲಿ ಇದೆ. ಎರಡು ಬೊಂಬೆ, ಮೂರು ಮೂರು ಪ್ರತಿ, ಒಂದು ಸಾಲಿಗೆ ಆರು. ಮುಂದಿನ ಸಾಲು ಬರುವ ಹೊತ್ತಿಗೆ ಬೊಂಬೆಯ ಆಕಾರ ಬದಲಿಸು. ಆರು ಸಾಲು. ರಿಕ್ ಮೌರರ್ ಆರ್ಕೇಡ್ ಆಟವನ್ನು ಸುಮ್ನೆ ಕುಗ್ಗಿಸಲಿಲ್ಲ, ಈ ಯಂತ್ರದ ಅಳತೆಗೆ ಹೊಸದಾಗಿ ಹೊಲಿದರು. ಮಿಣಮಿಣ ಇಲ್ಲ, ನಡುಕ ಇಲ್ಲ. ಜೊತೆಗೆ 112 ಬಗೆ. ಅಡ್ಡಾಡುವ ಗೋಡೆ, ಕಾಣದ ಶತ್ರು, ಇಬ್ಬರು ಸೇರಿ ಒಂದೇ ಫಿರಂಗಿ ನಡೆಸುವುದು. ಇವತ್ತು ಆಡಿದೆ, ಇವತ್ತೂ ಚೆನ್ನಾಗಿದೆ. ಹಾಗಾಗಿ ಆರ್ಕೇಡ್‌ನಿಂದ ಬಂದದ್ದೆಲ್ಲ ಸೊರಗಿದೆ ಅನ್ನಬೇಡಿ.

ಹಳೇಕ್ಯಾಸೆಟ್

ಸ್ಕ್ಯಾನ್‌ಲೈನ್ ಅವರೇ, 36ರ ಲೆಕ್ಕ ನನಗೆ ಗೊತ್ತೇ ಇರಲಿಲ್ಲ. ಮಾತು ತಿದ್ದಿಕೊಳ್ಳುತ್ತೇನೆ. ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ, ಈ ಯಂತ್ರಕ್ಕೆ ಹೊಸದಾಗಿ ಹೊಲಿದರಾ ಇಲ್ಲವಾ ಅನ್ನೋದು ಮುಖ್ಯ. ಹಾಗಾದರೆ ಪ್ಯಾಕ್‌ಮ್ಯಾನ್‌ನಲ್ಲಿ ಎಲ್ಲಿ ತಪ್ಪಿತು?

ಸ್ಕ್ಯಾನ್‌ಲೈನ್

ನಾಲ್ಕು ಭೂತ, ಆದರೆ ಅವಕ್ಕೆ ಉಳಿದದ್ದು ಒಂದೇ ಬೊಂಬೆ. ಇನ್ನೊಂದು ಪ್ಯಾಕ್‌ಮ್ಯಾನ್‌ಗೆ ಹೋಯಿತು. ಹಾಗಾಗಿ ಒಂದೊಂದು ಫ್ರೇಮ್‌ನಲ್ಲಿ, ಅಂದರೆ ಪರದೆಯನ್ನು ಒಂದೊಂದು ಸಲ ಬರೆಯುವಾಗ, ಒಂದೊಂದು ಭೂತ. ಪ್ರತಿ ಭೂತ ಸೆಕೆಂಡಿಗೆ ಹದಿನೈದು ಸಲ ಮಾತ್ರ ಕಾಣುತ್ತದೆ. ಹಳೇ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಬೆಳಕು ಸ್ವಲ್ಪ ಹೊತ್ತು ಉಳಿಯುತ್ತಿತ್ತು, ಅಷ್ಟು ಕೆಟ್ಟದಾಗಿ ಕಾಣುತ್ತಿರಲಿಲ್ಲ. ನೀವು ಎಲ್‌ಸಿಡಿಯಲ್ಲಿ ನೋಡಿದ್ದೀರಿ ಅಂತ ಕಾಣುತ್ತದೆ. ಸ್ಟೆಲ್ಲಾದಲ್ಲಿ ಫಾಸ್ಫರ್ ಅಂತ ಒಂದು ಆಯ್ಕೆ ಇದೆ, ಹಾಕಿಕೊಂಡು ಮತ್ತೆ ನೋಡಿ.

ಪ್ಯಾಕ್‌ಮ್ಯಾನ್ ಬರೆದ ಟಾಡ್ ಫ್ರೈ ಒಬ್ಬರ ಮೇಲೆ ಎಲ್ಲ ಹೊರಿಸುವುದು ಅನ್ಯಾಯ. ಅವರಿಗೆ ಸಿಕ್ಕಿದ್ದು 4 ಕಿಲೋಬೈಟ್. ಆಮೇಲೆ ಬಂದ ಮಿಸ್ ಪ್ಯಾಕ್‌ಮ್ಯಾನ್‌ಗೆ 8 ಕಿಲೋಬೈಟ್ ಸಿಕ್ಕಿತು, ನಾಲ್ಕು ಬಗೆ ಜಟಿಲದಾರಿ ಬಂತು, ಮಿಣಮಿಣ ಬಹಳ ಕಡಿಮೆಯಾಯಿತು. ಅದನ್ನು ಆಡಿ. ಅದೇ ಯಂತ್ರ ಅಂತ ನಂಬಲು ಆಗುವುದಿಲ್ಲ.

ಕುಂದಾಪುರದ_ಕೂಸು

ಕಾಂಬ್ಯಾಟ್ ಹೆಸರು ಬಂತಲ್ಲ, ನಾನು ಬರೆಯಲೇಬೇಕು.

ನಮ್ಮ ಮನೆಗೆ ಈ ಯಂತ್ರ ಬಂದದ್ದು ಗಲ್ಫ್‌ನಿಂದ. ದೊಡ್ಡಪ್ಪ ಊರಿಗೆ ಬರುವಾಗ ತಂದರು. ನಾವು ಅದಕ್ಕೆ ಟಿವಿ ಗೇಮ್ ಅನ್ನುತ್ತಿದ್ದೆವು, ಒಳಗೆ ಹಾಕುವುದಕ್ಕೆ ಕ್ಯಾಸೆಟ್. ಕಾರ್ಟ್ರಿಜ್ ಅನ್ನೋ ಮಾತು ನಾನು ಕೇಳಿದ್ದು ಕಾಲೇಜಿಗೆ ಬಂದ ಮೇಲೆ. ಮನೆಯ ಟಿವಿ ಕಪ್ಪುಬಿಳುಪು. ಯಂತ್ರದ ಮೇಲೆ ಕಲರ್, ಬ್ಲ್ಯಾಕ್ ಅಂಡ್ ವೈಟ್ ಅಂತ ಒಂದು ಸ್ವಿಚ್ ಇದೆ ನೋಡಿ, ಈಗಿನವರು ಅದು ಯಾಕೆ ಅಂತ ಕೇಳುತ್ತಾರೆ. ನಮ್ಮಂಥ ಮನೆಗೇ ಅದು. ಆ ಸ್ವಿಚ್ ಒತ್ತಿದರೆ ಕಾಂಬ್ಯಾಟ್‌ನ ಎರಡು ಟ್ಯಾಂಕ್ ಬೂದು ಬಣ್ಣದಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. ಒತ್ತದಿದ್ದರೆ ಯಾರ ಟ್ಯಾಂಕ್ ಯಾವುದು ಅಂತ ಅಣ್ಣನ ಜೊತೆ ಜಗಳ.

ನಿಯಮದಂತೆ ಈ ವಾರ ಮಗನ ಜೊತೆ ಆಡಿದೆ. ಕಾಂಬ್ಯಾಟ್ (1977) ಒಬ್ಬರೇ ಆಡಲು ಬರುವುದಿಲ್ಲ. ಯಂತ್ರ ನಿಮ್ಮ ಎದುರು ಆಡುವುದೇ ಇಲ್ಲ. ಒಂದು ಪಂದ್ಯ 2 ನಿಮಿಷ 16 ಸೆಕೆಂಡ್. 27 ಬಗೆಯಲ್ಲಿ ನನಗೆ ಇಷ್ಟ ಗುಂಡು ಗೋಡೆಗೆ ಬಡಿದು ತಿರುಗಿ ಬರುವ ಟ್ಯಾಂಕ್ ಪಾಂಗ್. ಅದರಲ್ಲೂ ಟ್ಯಾಂಕ್ ಕಾಣದೇ ಇರುವ ಬಗೆ. ಗುಂಡು ಹೊಡೆದಾಗ ಒಂದು ಕ್ಷಣ ಕಾಣುತ್ತದೆ. ಎದುರಾಳಿ ಎಲ್ಲಿದ್ದಾನೆ ಅಂತ ಪರದೆಯಲ್ಲಿ ಹುಡುಕುವುದು ಬಿಟ್ಟು ಪಕ್ಕದಲ್ಲಿ ಕೂತವನ ಮುಖ ನೋಡಲು ಶುರು ಮಾಡುತ್ತೀರಿ. ಮಗ ತುಟಿ ಕಚ್ಚಿದರೆ ಮೂಲೆಗೆ ಸಿಕ್ಕಿದ್ದಾನೆ ಅಂತ ಅರ್ಥ. ಅಣ್ಣನೂ ಹಾಗೇ ತುಟಿ ಕಚ್ಚುತ್ತಿದ್ದ.

ಅರ್ಧ ಗಂಟೆ ಅಂದುಕೊಂಡು ಕೂತದ್ದು ಊಟ ತಣ್ಣಗಾಗುವ ತನಕ ಹೋಯಿತು.

ತಿರುಗುಗುಂಡಿ

ಕುಂದಾಪುರದವರೇ, ತುಟಿ ಕಚ್ಚುವ ಮಾತು ಓದಿ ಬಹಳ ಖುಷಿಯಾಯಿತು. ನಾನು ವಾರ್‌ಲಾರ್ಡ್ಸ್ ಬಗ್ಗೆ ಹೇಳಲು ಹೊರಟಿದ್ದೂ ಇದನ್ನೇ. ಈ ಯಂತ್ರದ ಮೊದಲ ಆಟಗಳಲ್ಲಿ ಹೆಚ್ಚಿನವು ಎರಡು ಜನಕ್ಕೆ ಮಾಡಿದವು. ಹಳೇಕ್ಯಾಸೆಟ್ ಸರ್, ನೀವು ರಾತ್ರಿ ಒಂದೂವರೆಗೆ ಒಬ್ಬರೇ ಕೂತು ಆಡಿ ಬೆಲೆ ಕಟ್ಟಿದರೆ ಅರ್ಧ ಆಟಗಳಿಗೆ ಮೋಸವಾಗುತ್ತದೆ. ಒಬ್ಬರನ್ನು ಪಕ್ಕ ಕೂರಿಸಿಕೊಳ್ಳಿ.

ಹೊಸಬ_2004

ನಾನು ಹುಟ್ಟಿದ್ದೇ 2004ರಲ್ಲಿ. ಈ ಯಂತ್ರದ ನೆನಪು ನನಗೆ ಇಲ್ಲ, ಹಾಗಾಗಿ ನಿಯಮ ಮುರಿಯುವ ಪ್ರಶ್ನೆಯೇ ಬರಲ್ಲ. ಈ ಎಳೆ ನೋಡಿ ಐದು ದಿನ ಆಡಿದೆ. ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ, ಹಿರಿಯರು ಬೇಸರ ಮಾಡಿಕೊಳ್ಳಬೇಡಿ.

ಡಿಫೆಂಡರ್ ಇಷ್ಟ ಆಗಲಿಲ್ಲ. ಗುಂಡು ಹೊಡೆಯುವಾಗ ನನ್ನ ಹಡಗೇ ಮಾಯವಾಗುತ್ತದೆ. ವಿಡಿಯೋ ಚೆಸ್ ಒಂದು ನಡೆಗೆ ತುಂಬಾ ಹೊತ್ತು ಯೋಚಿಸುತ್ತದೆ, ಅಷ್ಟು ಹೊತ್ತು ಪರದೆಯಲ್ಲಿ ಬರೀ ಬಣ್ಣ. ಬಿಟ್ಟೆ. ಮಿಸೈಲ್ ಕಮಾಂಡ್ ಪರವಾಗಿಲ್ಲ, ಮೂರನೇ ದಿನವೂ ಆಡಿದೆ. ಎಂಡ್ಯೂರೋ (1983) ತುಂಬಾ ಇಷ್ಟ. ಮೊದಲ ದಿನ 200 ಕಾರು ದಾಟಬೇಕು, ಆಮೇಲೆ ದಿನಕ್ಕೆ 300. ಬೆಳಗು, ಹಿಮ, ಸಂಜೆ, ರಾತ್ರಿ, ಮಂಜು. ರಾತ್ರಿ ಮುಂದಿನ ಕಾರಿನ ಎರಡು ಕೆಂಪು ದೀಪ ಮಾತ್ರ. ಮಂಜಿನಲ್ಲಿ ಏನೂ ಕಾಣುವುದಿಲ್ಲ, ಕಾರು ಹತ್ತಿರ ಬಂದಾಗಲೇ ಗೊತ್ತಾಗುವುದು. ನಮ್ಮ ಚಾರ್ಮಾಡಿ ಘಾಟಿಯಲ್ಲಿ ಜುಲೈನಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಹಾಗೆ. 1983ರಲ್ಲಿ ಇಷ್ಟು ಕಡಿಮೆ ಸಾಮಾನಿನಲ್ಲಿ ಹವಾಮಾನ ತೋರಿಸಿದರು ಅನ್ನೋದು ನನಗೆ ದೊಡ್ಡ ವಿಷಯ.

ಈಗ ಮುಖ್ಯ ಮಾತು. ಇ.ಟಿ. (1982), ಭೂಮಿಯಲ್ಲಿ ಸಿಕ್ಕಿಬಿದ್ದ ಅನ್ಯಗ್ರಹ ಜೀವಿಯ ಸಿನಿಮಾದ ಮೇಲೆ ಮಾಡಿದ ಆಟ. ಪ್ರಪಂಚದ ಅತಿ ಕೆಟ್ಟ ಆಟ ಅಂತ ಎಲ್ಲ ಕಡೆ ಓದಿದ್ದೆ. ಆಡಿದೆ. ಮೊದಲ ಹತ್ತು ನಿಮಿಷ ಗುಂಡಿಗೆ ಬೀಳುವುದು, ಮೇಲೆ ಬರುವುದು, ಮತ್ತೆ ಬೀಳುವುದು. ನಿಲ್ಲಿಸಿ ಕೈಪಿಡಿ ಹುಡುಕಿ ಓದಿದೆ. ಪರದೆಯ ಮೇಲೆ ಬರುವ ಗುರುತುಗಳಿಗೆ ಒಂದೊಂದು ಅರ್ಥ ಇದೆ. ಒಂದು ಗುರುತಿನ ಜಾಗದಲ್ಲಿ ಬಟನ್ ಒತ್ತಿದರೆ ಯಾವ ಗುಂಡಿಯಲ್ಲಿ ಫೋನಿನ ತುಂಡು ಇದೆ ಅಂತ ತೋರಿಸುತ್ತದೆ. ಮೂರು ತುಂಡು ಸೇರಿಸಿ, ಮನೆಗೆ ಫೋನ್ ಮಾಡಿ, ಕಾಡಿಗೆ ಓಡಿ ಹಡಗು ಹತ್ತಬೇಕು. ಓದಿದ ಮೇಲೆ ಅದೇ ಸಂಜೆ ಮುಗಿಸಿದೆ. ಕೆಟ್ಟ ಆಟ ಅಂತ ನನಗೆ ಅನ್ನಿಸಲಿಲ್ಲ. ಯಾಕೆ ಎಲ್ಲರೂ ಹಾಗೆ ಹೇಳುತ್ತಾರೆ?

ಸನ್ನಿವೇಲ್‌ವಾಸಿ

ಹೊಸಬ ಅವರೇ, ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಆಸೆ. ನಾನು ಇರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಊರಿನಲ್ಲೇ ಅಟಾರಿ ಕಚೇರಿ ಇತ್ತು. ಬೊರೆಗಸ್ ಅವೆನ್ಯೂ ಮೇಲೆ ಸಂಜೆ ನಡೆಯುವಾಗ ಈಗಲೂ ಅದನ್ನೇ ಯೋಚಿಸುತ್ತೇನೆ.

ಇ.ಟಿ. ಬರೆದವರು ಹೊವರ್ಡ್ ಸ್ಕಾಟ್ ವಾರ್ಷಾ. ಆಗ ಒಂದು ಆಟಕ್ಕೆ ಆರೇಳು ತಿಂಗಳು ತೆಗೆದುಕೊಳ್ಳುವುದು ಸಾಮಾನ್ಯ. ಸಿನಿಮಾದ ಹಕ್ಕಿನ ಮಾತುಕತೆ 1982ರ ಜುಲೈ ತನಕ ಎಳೆಯಿತು, ಆಟ ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿ ಇರಬೇಕು. ಉಳಿದದ್ದು ಐದು ವಾರ. ಐದು ವಾರದಲ್ಲಿ ಕೂತು ಅಷ್ಟು ಮಾಡಿದ್ದಾರೆ. ತೊಂದರೆ ಇರುವುದು ಒಂದು ಕಡೆ: ಇ.ಟಿ.ಯ ಬೊಂಬೆಯ ಯಾವ ಚುಕ್ಕಿ ಗುಂಡಿಗೆ ತಾಗಿದರೂ ಬೀಳುತ್ತಾನೆ. ಕಾಲು ನೆಲದ ಮೇಲೆ ಇದ್ದರೂ ತಲೆ ತಾಗಿತು ಅಂತ ಬೀಳುತ್ತಾನೆ. ಆಡುವವರಿಗೆ ಇದು ಮೋಸ ಅನ್ನಿಸುತ್ತದೆ. ಅಭಿಮಾನಿಗಳು ಅದನ್ನು ತಿದ್ದಿದ ಆವೃತ್ತಿ ಮಾಡಿದ್ದಾರೆ, ಅದನ್ನು ಆಡಿದರೆ ಬೇರೆಯೇ ಆಟ.

ಕೆಟ್ಟ ಹೆಸರು ಬರಲು ಆಟಕ್ಕಿಂತ ಲೆಕ್ಕ ಕಾರಣ. ಮಾರಾಟವಾದದ್ದಕ್ಕಿಂತ ಬಹಳ ಜಾಸ್ತಿ ಕ್ಯಾಸೆಟ್ ಮಾಡಿಸಿದರು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ಮಾರುಕಟ್ಟೆಯೇ ಕುಸಿಯಿತು. ಆ ಸೆಪ್ಟೆಂಬರಿನಲ್ಲಿ ಉಳಿದ ಸರಕನ್ನು ಲಾರಿಗಳಲ್ಲಿ ತುಂಬಿ ನ್ಯೂ ಮೆಕ್ಸಿಕೋದ ಆಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. ಕಟ್ಟುಕಥೆ ಅಂತ ಬಹಳ ಜನ ಅಂದುಕೊಂಡಿದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದರು. ನಿಜವಾಗಿ ಇತ್ತು. ಆದರೆ ಇ.ಟಿ. ಒಂದೇ ಅಲ್ಲ, ಚೆನ್ನಾಗಿ ಮಾರಿದ ಬೇರೆ ಆಟಗಳೂ ಅಲ್ಲಿದ್ದವು. ಇಡೀ ಉದ್ಯಮ ಮುಳುಗಿದ್ದಕ್ಕೆ ಐದು ವಾರದಲ್ಲಿ ಒಬ್ಬರು ಬರೆದ ಆಟವನ್ನು ಹೊಣೆ ಮಾಡುವುದು ನನಗೆ ನೋವಿನ ವಿಷಯ.

ಅದೇ ವಾರ್ಷಾ ಅದೇ ವರ್ಷ ಯಾರ್ಸ್ ರಿವೆಂಜ್ ಕೊಟ್ಟಿದ್ದರು. ಅದನ್ನು ಆಡಿದ್ದೀರಾ? ನೀವು ಒಂದು ಹುಳು. ಶತ್ರುವಿನ ಗುರಾಣಿಯನ್ನು ಕಚ್ಚಿ ಕಚ್ಚಿ ತಿನ್ನಬೇಕು, ಆಮೇಲೆ ಫಿರಂಗಿ ಕರೆಸಿ ಹೊಡೆಯಬೇಕು. ನೀವೇ ಗುರಿ ಹಿಡಿದು, ನೀವೇ ಆ ಗುಂಡಿನ ದಾರಿಯಿಂದ ತಪ್ಪಿಸಿಕೊಳ್ಳಬೇಕು. ನಡುವೆ ಬಣ್ಣ ಬಣ್ಣವಾಗಿ ಮಿನುಗುವ ಒಂದು ಪಟ್ಟಿ ಇದೆ. ಅದು ಏನು ಗೊತ್ತಾ? ಆಟದ ಕೋಡ್ ಅನ್ನೇ ಚಿತ್ರವಾಗಿ ಪರದೆಗೆ ಹಾಕಿದ್ದು. ಬೇರೆ ಚಿತ್ರಕ್ಕೆ ಜಾಗ ಇರಲಿಲ್ಲ, ಇದ್ದದ್ದನ್ನೇ ಬಳಸಿದರು. ನನ್ನ ಪ್ರಕಾರ ಈ ಯಂತ್ರದ ಅತ್ಯಂತ ಚೆಂದದ ಪರದೆ ಅದು.

ಸ್ಕ್ಯಾನ್‌ಲೈನ್

ಯಾರ್ಸ್ ರಿವೆಂಜ್‌ಗೆ ನನ್ನದೂ ಒಂದು ಓಟು. ಅದು ಶುರುವಾಗಿದ್ದು ಸ್ಟಾರ್ ಕಾಸಲ್ ಅನ್ನೋ ಆರ್ಕೇಡ್ ಆಟವನ್ನು ತರುವ ಕೆಲಸವಾಗಿ. ಈ ಯಂತ್ರಕ್ಕೆ ಅದು ಹೊಂದುವುದಿಲ್ಲ ಅಂತ ವಾರ್ಷಾ ಅವರಿಗೆ ಅನ್ನಿಸಿತು, ಅದರ ತಿರುಳು ಮಾತ್ರ ಇಟ್ಟುಕೊಂಡು ಹೊಸ ಆಟ ಮಾಡಿದರು. ಹಳೇಕ್ಯಾಸೆಟ್ ಅವರ ಹೊಸ ಮಾತಿಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ.

ಕುಂದಾಪುರದ_ಕೂಸು

ಅಡ್ವೆಂಚರ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನಮ್ಮಲ್ಲಿ ಆ ಕ್ಯಾಸೆಟ್ ಇರಲಿಲ್ಲ. ಆಡಿದವರು ಹೇಳಿ, ಕೊಳ್ಳಬಹುದಾ?

ಸನ್ನಿವೇಲ್‌ವಾಸಿ

ಕೊಳ್ಳಿ, ಕಣ್ಣು ಮುಚ್ಚಿಕೊಂಡು ಕೊಳ್ಳಿ. ಅಡ್ವೆಂಚರ್ (1980) ಬರೆದವರು ವಾರೆನ್ ರಾಬಿನೆಟ್.

ನೀವು ಒಂದು ಚೌಕ. ಅಷ್ಟೇ, ಬರೀ ಚೌಕ. ಹಳದಿ, ಬಿಳಿ, ಕಪ್ಪು ಮೂರು ಕೋಟೆ. ಕಳೆದುಹೋದ ಬಟ್ಟಲನ್ನು ಹುಡುಕಿ ಹಳದಿ ಕೋಟೆಗೆ ತರಬೇಕು. ಮೂರು ಡ್ರ್ಯಾಗನ್, ನೋಡಲು ಬಾತುಕೋಳಿ ತರಹ. ಮೊದಲು ನಗು ಬರುತ್ತದೆ, ಒಮ್ಮೆ ಅಟ್ಟಿಸಿಕೊಂಡು ಬಂದ ಮೇಲೆ ಬರುವುದಿಲ್ಲ. ಕೈಯಲ್ಲಿ ಒಂದು ಸಲಕ್ಕೆ ಒಂದೇ ವಸ್ತು. ಕತ್ತಿ ಹಿಡಿದರೆ ಕೀಲಿ ಬಿಡಬೇಕು. ಬಿಟ್ಟ ವಸ್ತು ಬಿಟ್ಟಲ್ಲೇ ಇರುತ್ತದೆ ಅಂತ ನಂಬಬೇಡಿ, ಒಂದು ಬಾವಲಿ ಇದೆ. ಅದು ಊರೆಲ್ಲ ಸುತ್ತುತ್ತಾ ಸಿಕ್ಕಿದ್ದನ್ನು ಎತ್ತಿಕೊಂಡು ಬೇರೆ ಕಡೆ ಹಾಕುತ್ತದೆ. ನೀವು ನೋಡದ ಕೋಣೆಯಲ್ಲೂ ಅದರ ಕೆಲಸ ನಡೆಯುತ್ತಲೇ ಇರುತ್ತದೆ. ಮೊನ್ನೆ ನನ್ನನ್ನು ಡ್ರ್ಯಾಗನ್ ನುಂಗಿತು. ಹೊಟ್ಟೆಯೊಳಗೆ ಕೂತಿದ್ದೆ. ಬಾವಲಿ ಬಂದು ಆ ಡ್ರ್ಯಾಗನ್ ಅನ್ನೇ ಎತ್ತಿಕೊಂಡು ಹಾರಿತು. ಹೊಟ್ಟೆಯೊಳಗೆ ಕೂತೇ ಇಡೀ ರಾಜ್ಯ ಸುತ್ತಿದೆ. ರಾಬಿನೆಟ್ ಈ ದೃಶ್ಯವನ್ನು ಕೂತು ಬರೆದದ್ದಲ್ಲ. ನಾಲ್ಕೈದು ಸರಳ ನಿಯಮ ಒಂದಕ್ಕೊಂದು ತಾಗಿ ತಾನೇ ಹುಟ್ಟಿದ್ದು. 4 ಕಿಲೋಬೈಟ್‌ನಲ್ಲಿ.

ಇನ್ನೊಂದು ವಿಷಯ. ಆಗ ಅಟಾರಿ ಆಟಗಳ ಡಬ್ಬಿಯ ಮೇಲೆ ಬರೆದವರ ಹೆಸರು ಹಾಕುತ್ತಿರಲಿಲ್ಲ. ರಾಬಿನೆಟ್ ಯಾರಿಗೂ ಹೇಳದೆ ಆಟದೊಳಗೆ ಒಂದು ಗುಟ್ಟಿನ ಕೋಣೆ ಮಾಡಿ ಅಲ್ಲಿ ತಮ್ಮ ಹೆಸರು ಬರೆದರು. ಕಪ್ಪು ಕೋಟೆಯ ಜಟಿಲದಾರಿಯ ಒಂದು ಮುಚ್ಚಿದ ಕೋಣೆಯಲ್ಲಿ ಬೂದು ಬಣ್ಣದ ಒಂದು ಚುಕ್ಕಿ, ಹಿನ್ನೆಲೆಯೂ ಅದೇ ಬೂದು. ಸೇತುವೆ ಇಟ್ಟು ಒಳಗೆ ಹೋಗಿ ಆ ಚುಕ್ಕಿಯನ್ನು ಬೇರೆ ವಸ್ತುಗಳ ಜೊತೆ ತಂದರೆ ಗುಟ್ಟಿನ ಕೋಣೆಯ ಗೋಡೆ ದಾಟಬಹುದು. ಆಟ ಮಾರಾಟಕ್ಕೆ ಬರುವ ಹೊತ್ತಿಗೆ ಅವರು ಕೆಲಸ ಬಿಟ್ಟಾಗಿತ್ತು. ಒಬ್ಬ ಹುಡುಗ ಕಂಡುಹಿಡಿದು ಪತ್ರ ಬರೆದ ಮೇಲೆ ಕಂಪನಿಗೆ ಗೊತ್ತಾಯಿತು. ಹೀಗೆ ಒಳಗೆ ಅಡಗಿಸಿದ ಗುಟ್ಟಿಗೆ ಈಸ್ಟರ್ ಎಗ್ ಅನ್ನೋ ಮಾತು ವಿಡಿಯೋ ಗೇಮ್‌ಗೆ ಬಂದದ್ದು ಅಲ್ಲಿಂದ.

ಹೆಸರಿನ ಈ ಹಸಿವೇ ಆಕ್ಟಿವಿಷನ್ ಹುಟ್ಟಲು ಒಂದು ಕಾರಣ. 1979ರಲ್ಲಿ ಕ್ರೇನ್, ಕ್ಯಾಪ್ಲನ್, ಅಲನ್ ಮಿಲ್ಲರ್, ಬಾಬ್ ವೈಟ್‌ಹೆಡ್ ನಾಲ್ವರೂ ಅಟಾರಿ ಬಿಟ್ಟು ಬಂದರು. ಹೆಸರೂ ಬೇಕು, ನ್ಯಾಯವಾದ ಪಾಲೂ ಬೇಕು ಅಂತ. ಜಿಮ್ ಲೆವಿ ಜೊತೆ ಸೇರಿ ಕಂಪನಿ ಕಟ್ಟಿದರು. ಬೇರೆಯವರ ಯಂತ್ರಕ್ಕೆ ಆಟ ಮಾಡಿ ಮಾರುವ ಮೊದಲ ಕಂಪನಿ ಅದು. ಕೈಪಿಡಿಯಲ್ಲಿ ಬರೆದವರ ಹೆಸರು, ಫೋಟೋ, ಅವರದೇ ಸಲಹೆ.

ಹೊಸಬ_2004

ಅಡ್ವೆಂಚರ್ ಈಗಲೇ ಆಡುತ್ತೇನೆ. ಕಾಣದ ಚುಕ್ಕಿ ನಾನೇ ಹುಡುಕಬೇಕು ಅಂದುಕೊಂಡಿದ್ದೆ, ನೀವು ಹೇಳಿಬಿಟ್ಟಿರಿ ಅಣ್ಣ. ಪರವಾಗಿಲ್ಲ, ಬಾವಲಿ ಸವಾರಿ ನನಗೂ ಬೇಕು.

ತಿರುಗುಗುಂಡಿ

ಆಕ್ಟಿವಿಷನ್ ಅಂದ ಮೇಲೆ ಎರಡು ಸಣ್ಣ ಮಾತು. ಫ್ರೀವೇ (1981): ಕೋಳಿಯನ್ನು ಹತ್ತು ಸಾಲು ವಾಹನದ ರಸ್ತೆ ದಾಟಿಸುವುದು. ಬರೀ ಮೇಲೆ, ಕೆಳಗೆ. ಮೂರು ವರ್ಷದ ಮಗುವಿಗೂ ಬರುತ್ತದೆ, ನಮ್ಮ ಮನೆಯಲ್ಲಿ ಪರೀಕ್ಷೆ ಮಾಡಿದ್ದೇನೆ. ಹೀರೋ (1984): ಬೆನ್ನಿಗೆ ಹೆಲಿಕಾಪ್ಟರ್ ಕಟ್ಟಿಕೊಂಡು ಗಣಿಯೊಳಗೆ ಸಿಕ್ಕಿದವರನ್ನು ಹೊರತರುವುದು. ಮಾರುಕಟ್ಟೆ ಕುಸಿದ ಮೇಲೆ ಬಂತು, ಹಾಗಾಗಿ ಆಗ ನೋಡಿದವರು ಕಡಿಮೆ. ಪಿಟ್‌ಫಾಲ್ ಇಷ್ಟಪಟ್ಟವರು ಇದನ್ನು ಬಿಡಬೇಡಿ. ದೀಪಕ್ಕೆ ತಾಗಿದರೆ ಗುಹೆ ಕತ್ತಲಾಗುತ್ತದೆ, ಅಲ್ಲಿ ಎದೆ ಡವಡವ.

ಪ್ಯಾಡಲ್ ಇದ್ದವರಿಗೆ ಒಂದು ಕಿವಿಮಾತು. ಬೊಂಬೆ ನಡುಗುತ್ತಿದ್ದರೆ ಆಟದ ತಪ್ಪಲ್ಲ. ಒಳಗಿನ ಪೊಟೆನ್ಷಿಯೊಮೀಟರ್‌ಗೆ, ಅಂದರೆ ಗುಂಡಿಯ ಜೊತೆ ತಿರುಗುವ ಭಾಗಕ್ಕೆ, ಧೂಳು ಹಿಡಿದಿರುತ್ತದೆ. ಬಿಚ್ಚಿ, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಹೊಡೆದು, ಗುಂಡಿಯನ್ನು ಆಚೆ ಈಚೆ ಐವತ್ತು ಸಲ ತಿರುಗಿಸಿ. ನನ್ನ ನಾಲ್ಕು ಪ್ಯಾಡಲ್‌ನಲ್ಲಿ ಮೂರು ಹೀಗೇ ಸರಿಯಾದವು.

ಕುಂದಾಪುರದ_ಕೂಸು

ರಿವರ್ ರೇಡ್ ಬಗ್ಗೆ ಒಂದು ಪ್ರಶ್ನೆ. ನದಿ ಪ್ರತಿ ಸಲ ಒಂದೇ ಆಗಿರುತ್ತದೆ. ಎಷ್ಟೋ ಸೇತುವೆ ತನಕ ನನಗೆ ಬಾಯಿಪಾಠ. 4 ಕಿಲೋಬೈಟ್‌ನಲ್ಲಿ ಅಷ್ಟು ಉದ್ದದ ನದಿಯನ್ನು ಎಲ್ಲಿ ಇಟ್ಟರು?

ಸ್ಕ್ಯಾನ್‌ಲೈನ್

ಇಟ್ಟಿಲ್ಲ. ಅದೇ ಅದರ ಸೊಗಸು. ಒಂದು ಸಣ್ಣ ಸಂಖ್ಯೆಯಿಂದ ಶುರು ಮಾಡಿ, ಅದರಿಂದ ಮುಂದಿನ ಸಂಖ್ಯೆ, ಅದರಿಂದ ಅದರ ಮುಂದಿನದು. ನೋಡುವವರಿಗೆ ಗೊತ್ತುಗುರಿ ಇಲ್ಲದ ಸಂಖ್ಯೆ ಅನ್ನಿಸುತ್ತದೆ. ಆದರೆ ಶುರು ಒಂದೇ ಆದರೆ ಇಡೀ ಸಾಲು ಒಂದೇ. ಆ ಸಂಖ್ಯೆಗಳೇ ದಂಡೆ ಎಲ್ಲಿ ಬಾಗಬೇಕು, ಹಡಗು ಎಲ್ಲಿ ಇರಬೇಕು ಅಂತ ತೀರ್ಮಾನ ಮಾಡುತ್ತವೆ. ಅದಕ್ಕೇ ನಿಮಗೆ ಬಾಯಿಪಾಠ ಆಗಿದ್ದು.

ಪಿಟ್‌ಫಾಲ್‌ನ 255 ಪರದೆಯೂ ಹೀಗೇ. ಒಂದು ಬೈಟ್‌ನ ಬಿಟ್‌ಗಳನ್ನು, ಅಂದರೆ ಎಂಟು ಸೊನ್ನೆ-ಒಂದುಗಳನ್ನು, ಒಂದು ಹೆಜ್ಜೆ ಸರಿಸಿದರೆ ಬಲಗಡೆಯ ಪರದೆ. ಕ್ರೇನ್ ಅದನ್ನು ಹಿಂದಕ್ಕೂ ಸರಿಸುವ ಹಾಗೆ ಮಾಡಿದ್ದಾರೆ, ಎಡಗಡೆಗೆ ಹೋದರೂ ಕಾಡು ಸರಿಯಾಗಿ ಇರಲಿ ಅಂತ. 255ನೆಯದು ಮುಗಿದರೆ ಮತ್ತೆ ಮೊದಲನೆಯದು. ಕಾಡು ದುಂಡಗಿದೆ.

ಹಳೇಕ್ಯಾಸೆಟ್ ಅವರೇ, ನಿಮ್ಮ 32 ನಿಧಿಯ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ನೀವು ಬಲಕ್ಕೆ ಓಡುತ್ತಿದ್ದೀರಿ ಅಲ್ವಾ? ಎಲ್ಲರೂ ಹಾಗೇ ಶುರು ಮಾಡುತ್ತಾರೆ. ಮರದ ದಿಮ್ಮಿಗಳು ಯಾವಾಗಲೂ ಬಲದಿಂದ ಎಡಕ್ಕೆ ಉರುಳುತ್ತವೆ. ನೀವು ಎಡಕ್ಕೆ ಓಡಿದರೆ ಅವು ನಿಮ್ಮ ಜೊತೆಯಲ್ಲೇ ಓಡುತ್ತವೆ, ಎದುರು ಬರುವುದಿಲ್ಲ. ನೆಗೆತ ಎಷ್ಟೋ ಉಳಿಯುತ್ತದೆ. ಇನ್ನು ನೆಲದೊಳಗಿನ ಸುರಂಗ: ಅಲ್ಲಿ ಒಂದು ಪರದೆ ನಡೆದರೆ ಮೇಲೆ ಮೂರು ಪರದೆ ದಾಟಿದ ಹಾಗೆ. ಸುರಂಗ ಇಲ್ಲದೆ 20 ನಿಮಿಷದಲ್ಲಿ ಮುಗಿಯುವುದಿಲ್ಲ. ಯಾವ ಏಣಿಯಲ್ಲಿ ಇಳಿದರೆ ಮುಂದೆ ಇಟ್ಟಿಗೆ ಗೋಡೆ ಸಿಗುತ್ತದೆ ಅಂತ ಒಂದು ಹಾಳೆಯಲ್ಲಿ ನಕ್ಷೆ ಬರೆದುಕೊಳ್ಳಿ. ಪೂರ್ತಿ ಅಂಕ 1,14,000. ನನ್ನದು ಇನ್ನೂ 29 ನಿಧಿಗೆ ನಿಂತಿದೆ.

ಹಳೇಕ್ಯಾಸೆಟ್

ಮೂರು ದಿನ ಈ ಕಡೆ ಬರಲು ಆಗಲಿಲ್ಲ, ಕಾರಣ ಇದೆ.

ಮೊದಲು ಪ್ಯಾಕ್‌ಮ್ಯಾನ್. ಫಾಸ್ಫರ್ ಹಾಕಿಕೊಂಡು ಆಡಿದೆ. ಭೂತಗಳು ಈಗ ಭೂತದ ಹಾಗೆಯೇ ಮಸುಕಾಗಿ ಕಾಣುತ್ತವೆ, ಕಣ್ಣಿಗೆ ನೋವಿಲ್ಲ. ಆಟ ಆದರೂ ನನಗೆ ಸಪ್ಪೆ. ಮಿಸ್ ಪ್ಯಾಕ್‌ಮ್ಯಾನ್ ನಿಜಕ್ಕೂ ಚೆನ್ನಾಗಿದೆ, ಅದು ನನ್ನ ಪಟ್ಟಿಗೆ ಸೇರಿತು.

ಇ.ಟಿ. ತಿದ್ದಿದ ಆವೃತ್ತಿ ಆಡಿದೆ. ಹೊಸಬ ಅವರು ಹೇಳಿದ್ದು ಸರಿ. ನಲವತ್ತು ವರ್ಷ ಅದನ್ನು ಆಡದೆಯೇ ಬೈದಿದ್ದೆ, ಅದು ನನ್ನ ತಪ್ಪು.

ಆಮೇಲೆ ತಿರುಗುಗುಂಡಿ ಮೇಡಂ ಹೇಳಿದ ಹಾಗೆ ಒಬ್ಬರನ್ನು ಪಕ್ಕ ಕೂರಿಸಿಕೊಂಡೆ. ನಮ್ಮನೆಯವಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ, ಒಂದು ದಿನವೂ ಈ ಯಂತ್ರ ಮುಟ್ಟಿರಲಿಲ್ಲ. ಕಾಂಬ್ಯಾಟ್‌ನಲ್ಲಿ ಐದು ಪಂದ್ಯ, ಮೂರು ಅವಳು ಗೆದ್ದಳು. ಆಮೇಲೆ ಪಿಟ್‌ಫಾಲ್ ಹಾಕಿದೆ. ನಾನು ಜಾಯ್‌ಸ್ಟಿಕ್ ಹಿಡಿದೆ, ಅವಳು ಹಳೇ ಡೈರಿಯ ಹಾಳೆಯಲ್ಲಿ ನಕ್ಷೆ ಬರೆದಳು. ಎಡಕ್ಕೆ ಓಡಿದೆವು. ಎಲ್ಲಿ ಏಣಿ, ಎಲ್ಲಿ ಗೋಡೆ, ಎಲ್ಲಿ ಚೇಳು, ಎಲ್ಲ ಬರೆದಿದ್ದಾಳೆ. ಮೊದಲ ರಾತ್ರಿ 11 ನಿಧಿ. ಎರಡನೇ ರಾತ್ರಿ 17. ನಿನ್ನೆ 22, ಗಡಿಯಾರದಲ್ಲಿ ಇನ್ನೂ ನಾಲ್ಕು ನಿಮಿಷ ಇತ್ತು, ಮೊಸಳೆ ಬಾಯಿ ತೆರೆಯಿತು.

ನಕ್ಷೆ ಇನ್ನೂ ಅರ್ಧ ಇದೆ. ಊಟ ಆಯಿತು, ಅವಳು ಕರೆಯುತ್ತಿದ್ದಾಳೆ.